ಪವರ್ ಬಿಐ: ಮೆಷರ್‌ಗಳನ್ನು ಸಾಲುಗಳಾಗಿ ಜೋಡಿಸಿ ಮಾಸಿಕ ಸಾರಾಂಶ ಕೋಷ್ಟಕ ಮಾಡುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದು ಹಾಲು ಒಕ್ಕೂಟದ ಶೇಖರಣಾ ವಿಭಾಗಕ್ಕಾಗಿ ದತ್ತಾಂಶದಿಂದ ವರದಿ ತಯಾರಿಸುವ ಪವರ್ ಬಿಐ ಡೆಸ್ಕ್‌ಟಾಪ್ ತಂತ್ರಾಂಶದಲ್ಲಿ ಮಾಸಿಕ ಪ್ರಗತಿ ವರದಿಯನ್ನು ಸಿದ್ಧಪಡಿಸುತ್ತಿದ್ದೇನೆ. ಮೂಲ ದತ್ತಾಂಶ ಒಂದೇ ದೊಡ್ಡ ಟೇಬಲ್‌ನಲ್ಲಿದೆ. ಅದರಲ್ಲಿ ದಿನಾಂಕ, ಬೆಳಿಗ್ಗೆಯೋ ಸಂಜೆಯೋ ಎಂಬುದು, ಸಂಘದ ಸಂಖ್ಯೆ, ಸದಸ್ಯರ ಸಂಖ್ಯೆ, ಹಾಲಿನ ಪ್ರಮಾಣ, ಜಿಡ್ಡಿನಂಶ, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ) ಮತ್ತು ಉತ್ಪಾದಕರಿಗೆ ಸಂದಾಯವಾದ ಮೊತ್ತ ಇವೆ. ಇದಕ್ಕೆ ದಿನಾಂಕದ ಟೇಬಲ್ ಒಂದನ್ನೂ, ಯಾವ ಸಂಘ ಯಾವ ಮಾರ್ಗಕ್ಕೆ ಮತ್ತು ಯಾವ ತಾಲ್ಲೂಕಿಗೆ ಸೇರಿದೆ ಎಂದು ತಿಳಿಸುವ ಇನ್ನೊಂದು ಟೇಬಲ್ಲನ್ನೂ ಜೋಡಿಸಿದ್ದೇನೆ. ಬೇಕಾದ ಮೆಷರ್‌ಗಳೆಲ್ಲ (ಮೊತ್ತ, ಸರಾಸರಿ ಮುಂತಾದ ಲೆಕ್ಕದ ಸೂತ್ರಗಳು) ಸಿದ್ಧವಾಗಿವೆ, ಬೇರೆ ಬೇರೆ ಕಾರ್ಡ್‌ಗಳಲ್ಲಿ (ಒಂದೊಂದೇ ಅಂಕಿ ತೋರಿಸುವ ಚೌಕಗಳಲ್ಲಿ) ಇಟ್ಟು ನೋಡಿದಾಗ ಸರಿಯಾದ ಅಂಕಿಗಳನ್ನೇ ತೋರಿಸುತ್ತಿವೆ.

ಆದರೆ ಮೇಲಧಿಕಾರಿಗಳು ಕೇಳುತ್ತಿರುವುದು ಕಾರ್ಡ್‌ಗಳನ್ನಲ್ಲ. ಅವರಿಗೆ ಇಷ್ಟು ವರ್ಷಗಳಿಂದ ಕಾಗದದಲ್ಲಿ ನೋಡಿ ರೂಢಿಯಾಗಿರುವ ನಮೂನೆಯೇ ಬೇಕು. ಎಡಗಡೆ ಒಂದರ ಕೆಳಗೊಂದರಂತೆ ಒಟ್ಟು ಶೇಖರಣೆ, ದಿನವಹಿ ಸರಾಸರಿ ಶೇಖರಣೆ, ಹಾಲು ಹಾಕಿದ ಸದಸ್ಯರು, ಸರಾಸರಿ ಜಿಡ್ಡಿನಂಶ, ಸರಾಸರಿ ಎಸ್‌ಎನ್‌ಎಫ್, ಒಟ್ಟು ಸಂದಾಯ, ಲೀಟರಿಗೆ ಸರಾಸರಿ ದರ ಎಂಬ ಸಾಲುಗಳಿರಬೇಕು. ಮೇಲ್ಗಡೆ ಈ ತಿಂಗಳು, ಹಿಂದಿನ ತಿಂಗಳು, ಕಳೆದ ವರ್ಷದ ಇದೇ ತಿಂಗಳು, ಕಳೆದ ವರ್ಷಕ್ಕಿಂತ ಆದ ಬದಲಾವಣೆ, ಏಪ್ರಿಲ್‌ನಿಂದ ಇಲ್ಲಿಯವರೆಗೆ ಎಂಬ ಕಾಲಂಗಳಿರಬೇಕು. ಸಾಲುಗಳನ್ನು ಶೇಖರಣೆ, ಗುಣಮಟ್ಟ, ಸಂದಾಯ ಎಂಬ ಮೂರು ಶೀರ್ಷಿಕೆಗಳ ಕೆಳಗೆ ವಿಂಗಡಿಸಬೇಕು ಎಂಬ ಸೂಚನೆಯೂ ಇದೆ.

ಇದಕ್ಕಾಗಿ ನಾನು ಹೊಸ ಟೇಬಲ್ ಸೃಷ್ಟಿಸುವ ಆಯ್ಕೆಯಲ್ಲಿ ಯೂನಿಯನ್ ಮತ್ತು ರೋ ಎಂಬ ಡ್ಯಾಕ್ಸ್ (ಪವರ್ ಬಿಐನ ಸೂತ್ರಭಾಷೆ) ಫಂಕ್ಷನ್‌ಗಳನ್ನು ಬಳಸಿ, ಪ್ರತಿ ಸಾಲಿಗೂ ಒಂದು ಹೆಸರು ಮತ್ತು ಅದರ ಮುಂದೆ ಒಂದು ಮೆಷರ್ ಇಟ್ಟು ಸಾರಾಂಶದ ಟೇಬಲ್ ಮಾಡಿದೆ. ಟೇಬಲ್ ಕಣ್ಣಿಗೆ ಚೆನ್ನಾಗಿಯೇ ಇದೆ. ಆದರೆ ತಿಂಗಳ ಸ್ಲೈಸರ್ (ಪುಟದಲ್ಲಿ ಆಯ್ಕೆ ಮಾಡುವ ಪಟ್ಟಿ) ಬದಲಿಸಿದರೂ, ತಾಲ್ಲೂಕಿನ ಸ್ಲೈಸರ್ ಬದಲಿಸಿದರೂ ಅದರ ಅಂಕಿಗಳು ಅಲುಗಾಡುವುದಿಲ್ಲ, ಯಾವಾಗಲೂ ಇಡೀ ದತ್ತಾಂಶದ ಮೊತ್ತವನ್ನೇ ತೋರಿಸುತ್ತವೆ. ಈ ಟೇಬಲ್‌ಗೂ ಉಳಿದ ಟೇಬಲ್‌ಗಳಿಗೂ ಸಂಬಂಧ ಕಲ್ಪಿಸಬೇಕೇ, ಅಥವಾ ದಾರಿಯೇ ಬೇರೆ ಇದೆಯೇ? ದಯವಿಟ್ಟು ವಿವರವಾಗಿ ತಿಳಿಸಿ. ಮುಂದಿನ ತಿಂಗಳಿಂದ ಈ ವರದಿಯನ್ನು ಬೇರೆಯವರೂ ನೋಡಿಕೊಳ್ಳಬೇಕಾಗಿರುವುದರಿಂದ, ಅರ್ಥವಾಗುವಂತಹ ರಚನೆ ಬೇಕಾಗಿದೆ.

ಉತ್ತರ 1

ಸಂಬಂಧ ಕಲ್ಪಿಸಿದರೂ ಇದು ಸರಿಹೋಗುವುದಿಲ್ಲ. ಡ್ಯಾಕ್ಸ್‌ನಿಂದ ಸೃಷ್ಟಿಸಿದ ಟೇಬಲ್‌ನ ಲೆಕ್ಕ ನಡೆಯುವುದು ದತ್ತಾಂಶವನ್ನು ರಿಫ್ರೆಶ್ ಮಾಡಿದಾಗ ಮಾತ್ರ. ಆಗ ಬಂದ ಅಂಕಿಗಳು, ಎಕ್ಸೆಲ್‌ನಿಂದ ತಂದ ಅಂಕಿಗಳ ಹಾಗೆಯೇ, ಮಾಡೆಲ್‌ನಲ್ಲಿ ಸ್ಥಿರವಾಗಿ ಉಳಿದುಬಿಡುತ್ತವೆ. ವರದಿಯ ಪುಟದಲ್ಲಿ ಯಾರೋ ತಾಲ್ಲೂಕನ್ನು ಆರಿಸುವ ಹೊತ್ತಿಗೆ ಆ ಲೆಕ್ಕ ಮುಗಿದು ಬಹಳ ಹೊತ್ತಾಗಿರುತ್ತದೆ. ಮೆಷರ್ ಮಾತ್ರ ಹಾಗಲ್ಲ. ವಿಷುವಲ್‌ನ (ಪುಟದಲ್ಲಿರುವ ಕೋಷ್ಟಕ ಅಥವಾ ಚಾರ್ಟ್‌ನ) ಒಂದೊಂದು ಕೋಶಕ್ಕೂ, ಆ ಕೋಶದ ಸಾಲು, ಕಾಲಂ, ಸ್ಲೈಸರ್‌ಗಳು ಸೇರಿ ಏನನ್ನು ಉಳಿಸಿವೆಯೋ ಅದರ ಮೇಲೆ ಮೆಷರ್ ಪ್ರತಿಸಲ ಹೊಸದಾಗಿ ಲೆಕ್ಕ ಹಾಕುತ್ತದೆ. ಆದ್ದರಿಂದ ಸಾರಾಂಶದ ಟೇಬಲ್‌ನೊಳಗೆ ಅಂಕಿಗಳನ್ನು ಇಡಲೇಬಾರದು. ಅದರಲ್ಲಿ ಸಾಲುಗಳ ಹೆಸರು ಮತ್ತು ಕ್ರಮ ಮಾತ್ರ ಇರಲಿ, ಅಂಕಿಯನ್ನು ಮೆಷರ್ ಆ ಕ್ಷಣಕ್ಕೆ ತಂದುಕೊಡಲಿ. ಈ ಒಂದು ವಿಷಯ ಸ್ಪಷ್ಟವಾದರೆ ಮುಂದಿನದೆಲ್ಲ ಅದರ ಹಿಂದೆಯೇ ಬರುತ್ತದೆ.

ಶೀರ್ಷಿಕೆಗಳ ವಿಂಗಡಣೆ ಬೇಡವೆಂದಾದರೆ ಟೇಬಲ್ಲೂ ಬೇಡ, ಡ್ಯಾಕ್ಸ್ ಕೂಡ ಬೇಡ. ಒಂದು ಮ್ಯಾಟ್ರಿಕ್ಸ್ ವಿಷುವಲ್ ತೆಗೆದುಕೊಂಡು, ಮೆಷರ್‌ಗಳನ್ನೆಲ್ಲ ವ್ಯಾಲ್ಯೂಸ್ ಜಾಗದಲ್ಲಿ ನಿಮಗೆ ಬೇಕಾದ ಕ್ರಮದಲ್ಲಿ ಹಾಕಿ, ಕಾಲಂ ಜಾಗದಲ್ಲಿ ತಿಂಗಳನ್ನು ಹಾಕಿ. ಫಾರ್ಮ್ಯಾಟ್ ಫಲಕದ ವ್ಯಾಲ್ಯೂಸ್ ವಿಭಾಗದಲ್ಲಿ ‘ಸ್ವಿಚ್ ವ್ಯಾಲ್ಯೂಸ್ ಟು ರೋಸ್’ ಎಂಬ ಆಯ್ಕೆ ಇದೆ. ಅದನ್ನು ಆನ್ ಮಾಡಿದ ತಕ್ಷಣ ಅಡ್ಡಲಾಗಿ ನಿಂತಿದ್ದ ಮೆಷರ್‌ಗಳು ಸಾಲುಗಳಾಗಿ ನಿಲ್ಲುತ್ತವೆ. ಎಕ್ಸೆಲ್‌ನ ಪಿವಟ್ ಟೇಬಲ್‌ನಲ್ಲಿ ವ್ಯಾಲ್ಯೂಸ್ ಎಂಬ ಗುಂಡಿಯನ್ನು ಕಾಲಂ ಜಾಗದಿಂದ ಸಾಲುಗಳ ಜಾಗಕ್ಕೆ ಎಳೆದು ರೂಢಿಯಿರುವವರಿಗೆ ಇದು ಕೂಡಲೇ ಪರಿಚಿತವೆನಿಸುತ್ತದೆ. ಪ್ರತಿ ಮೆಷರ್‌ಗೆ ನೀವು ಕೊಟ್ಟಿರುವ ದಶಮಾಂಶ, ಶೇಕಡಾ ಚಿಹ್ನೆ, ರೂಪಾಯಿ ಚಿಹ್ನೆ ಎಲ್ಲವೂ ಆಯಾ ಸಾಲಿನಲ್ಲಿ ಹಾಗೆಯೇ ಉಳಿಯುವುದು ಈ ವಿಧಾನದ ದೊಡ್ಡ ಅನುಕೂಲ.

ಇದರ ಮಿತಿ ಒಂದೇ. ಮೆಷರ್‌ಗಳು ಯಾವಾಗಲೂ ಸಾಲುಗಳ ಕಟ್ಟಕಡೆಯ ಹಂತವಾಗಿ ನಿಲ್ಲುವುದರಿಂದ, ಅವುಗಳನ್ನೇ ಶೇಖರಣೆ, ಗುಣಮಟ್ಟ, ಸಂದಾಯ ಎಂದು ಗುಂಪು ಮಾಡಿ ಮೇಲೊಂದು ಶೀರ್ಷಿಕೆ ಹಾಕುವುದಕ್ಕೆ ಇದರಲ್ಲಿ ಅವಕಾಶವಿಲ್ಲ. ಮೇಲಧಿಕಾರಿಗಳು ಶೀರ್ಷಿಕೆಯ ವಿಷಯದಲ್ಲಿ ಒಪ್ಪುವುದಾದರೆ ಇಲ್ಲಿಗೇ ನಿಲ್ಲಿಸುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ವರದಿ ಬೇರೆಯವರ ಕೈಗೆ ಹೋಗಲಿದೆ ಎಂದು ನೀವೇ ಬರೆದಿದ್ದೀರಿ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಗುಂಪುಗಳ ಶೀರ್ಷಿಕೆ ಬೇಕೇಬೇಕು ಎಂದಾದರೆ, ಯಾವ ಟೇಬಲ್‌ಗೂ ಸಂಬಂಧವಿಲ್ಲದ ಒಂದು ಪುಟ್ಟ ಟೇಬಲ್ ಇಟ್ಟುಕೊಂಡು ಸ್ವಿಚ್ ಫಂಕ್ಷನ್ ಬಳಸುವುದು ಬಹಳ ಕಾಲದಿಂದ ನಡೆದುಬಂದಿರುವ ದಾರಿ. ಲಾಭನಷ್ಟದ ಪಟ್ಟಿಯನ್ನು ಪವರ್ ಬಿಐನಲ್ಲಿ ತೋರಿಸುವವರು ಹೆಚ್ಚಾಗಿ ಹೀಗೆಯೇ ಮಾಡುತ್ತಾರೆ.

‘ಎಂಟರ್ ಡೇಟಾ’ ಆಯ್ಕೆಯಿಂದ ‘ಸಾರಾಂಶ’ ಎಂಬ ಟೇಬಲ್ ಮಾಡಿ. ಅದರಲ್ಲಿ ಗುಂಪು, ಗುಂಪಿನ ಕ್ರಮ, ಸಾಲಿನ ಹೆಸರು, ಸಾಲಿನ ಕ್ರಮ ಎಂಬ ನಾಲ್ಕು ಕಾಲಂಗಳಿರಲಿ. ಇನ್ನೆರಡು ಕಾಲಂಗಳನ್ನು ಈಗಲೇ ಸೇರಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಆ ಸಾಲಿನ ಅಂಕಿ ಹೇಗೆ ಕಾಣಬೇಕು ಎಂಬುದಕ್ಕೆ ‘ಸ್ವರೂಪ’ ಎಂಬ ಒಂದು ಕಾಲಂ, ಆ ಸಾಲು ಪ್ರಮಾಣವೋ ಅನುಪಾತವೋ ಎಂಬುದಕ್ಕೆ ‘ಬಗೆ’ ಎಂಬ ಇನ್ನೊಂದು. ಇವುಗಳ ಉಪಯೋಗ ಮುಂದೆ ಬರುತ್ತದೆ. ಈ ಟೇಬಲ್‌ಗೆ ಯಾವ ಸಂಬಂಧವನ್ನೂ ಕಲ್ಪಿಸಬೇಡಿ.

ಆಮೇಲೆ ‘ಸಾರಾಂಶ ಮೌಲ್ಯ’ ಎಂಬ ಒಂದೇ ಒಂದು ಹೊಸ ಮೆಷರ್ ಬರೆಯಿರಿ. ಸೆಲೆಕ್ಟೆಡ್‌ವ್ಯಾಲ್ಯೂ ಫಂಕ್ಷನ್ ಸಾಲಿನ ಕ್ರಮವನ್ನು ಓದಿ ಹೇಳುತ್ತದೆ. ಅದು 1 ಆಗಿದ್ದರೆ ಒಟ್ಟು ಶೇಖರಣೆ, 2 ಆಗಿದ್ದರೆ ದಿನವಹಿ ಸರಾಸರಿ, 3 ಆಗಿದ್ದರೆ ಸದಸ್ಯರ ಸಂಖ್ಯೆ, ಹೀಗೆ ಸ್ವಿಚ್ ಫಂಕ್ಷನ್ ಆಯಾ ಮೆಷರ್ ಅನ್ನು ಕರೆಯುತ್ತದೆ. ಹೆಸರಿನ ಬದಲು ಕ್ರಮಸಂಖ್ಯೆಯನ್ನು ಓದುವುದಕ್ಕೆ ಕಾರಣವಿದೆ. ನಾಳೆ ಯಾರೋ ಸಾಲಿನ ಹೆಸರಿನಲ್ಲಿ ಒಂದು ಒತ್ತಕ್ಷರ ತಿದ್ದಿದರೂ ಆ ಸಾಲು ಖಾಲಿಯಾಗಿಬಿಡಬಾರದು. ಸ್ವಿಚ್‌ನ ಒಳಗೆ ಲೆಕ್ಕಗಳನ್ನು ಬರೆಯದೆ, ಮೊದಲೇ ಸಿದ್ಧವಿರುವ ಮೆಷರ್‌ಗಳನ್ನು ಕರೆಯುವುದಷ್ಟನ್ನೇ ಮಾಡಿ. ಎಲ್ಲ ಮೆಷರ್‌ಗಳ ಬೆಲೆಯನ್ನು ಮೊದಲೇ ವೇರಿಯೇಬಲ್‌ಗಳಿಗೆ ತುಂಬಿಸಿಕೊಂಡು ಆಮೇಲೆ ಸ್ವಿಚ್‌ಗೆ ಕೊಡುವ ರೂಢಿ ಕೆಲವರಿಗಿದೆ. ಅದರಿಂದ ಬೇಡದ ಲೆಕ್ಕಗಳೂ ನಡೆದು ವರದಿ ನಿಧಾನವಾಗುವ ಸಂಭವವಿರುತ್ತದೆ.

ಈಗ ಮ್ಯಾಟ್ರಿಕ್ಸ್‌ನ ಸಾಲುಗಳ ಜಾಗದಲ್ಲಿ ಮೊದಲು ಗುಂಪು, ಅದರ ಕೆಳಗೆ ಸಾಲಿನ ಹೆಸರು, ವ್ಯಾಲ್ಯೂಸ್ ಜಾಗದಲ್ಲಿ ಸಾರಾಂಶ ಮೌಲ್ಯ ಇಡಿ. ಸಾಲುಗಳು ಅಕ್ಷರಾನುಕ್ರಮದಲ್ಲಿ ನಿಲ್ಲುತ್ತವೆ. ಟೇಬಲ್ ನೋಟಕ್ಕೆ ಹೋಗಿ ಸಾಲಿನ ಹೆಸರನ್ನು ಸಾಲಿನ ಕ್ರಮದಿಂದಲೂ, ಗುಂಪನ್ನು ಗುಂಪಿನ ಕ್ರಮದಿಂದಲೂ ‘ಸಾರ್ಟ್ ಬೈ ಕಾಲಂ’ ಮೂಲಕ ಜೋಡಿಸಿದರೆ ನಿಮ್ಮ ಕಾಗದದ ನಮೂನೆಯ ಕ್ರಮ ಬರುತ್ತದೆ. ಒಂದು ಹೆಸರಿಗೆ ಒಂದೇ ಕ್ರಮಸಂಖ್ಯೆ ಇರಬೇಕೆಂಬುದು ಇಲ್ಲಿಯ ನಿಯಮ. ಶೇಖರಣೆ ಎಂಬ ಗುಂಪಿನ ಮೂರು ಸಾಲುಗಳಿಗೂ ಗುಂಪಿನ ಕ್ರಮ 1 ಎಂದೇ ಇರಬೇಕು, ಒಂದರಲ್ಲಿ 2 ಎಂದು ಬಿದ್ದರೆ ಪವರ್ ಬಿಐ ಜೋಡಣೆಯನ್ನು ನಿರಾಕರಿಸುತ್ತದೆ.

ಗುಂಪಿನ ಶೀರ್ಷಿಕೆಯ ಸಾಲಿನಲ್ಲಿ ಅಂಕಿ ಬರಬಾರದು. ಲೀಟರು, ಶೇಕಡಾ, ರೂಪಾಯಿ ಕೂಡಿಸಿದರೆ ಅರ್ಥವಿಲ್ಲ. ಸೆಲೆಕ್ಟೆಡ್‌ವ್ಯಾಲ್ಯೂ ಒಂದಕ್ಕಿಂತ ಹೆಚ್ಚು ಬೆಲೆ ಕಂಡಾಗ ಖಾಲಿ ಕೊಡುವುದರಿಂದ ಸಾಮಾನ್ಯವಾಗಿ ಶೀರ್ಷಿಕೆಯ ಸಾಲು ತಾನಾಗಿಯೇ ಖಾಲಿಯಿರುತ್ತದೆ. ಆದರೆ ಒಂದು ಗುಂಪಿನಲ್ಲಿ ಒಂದೇ ಸಾಲಿದ್ದರೆ, ಶೀರ್ಷಿಕೆಯ ಮಟ್ಟದಲ್ಲಿಯೂ ಒಂದೇ ಬೆಲೆ ಕಾಣುವುದರಿಂದ, ಅದೇ ಅಂಕಿ ಎರಡು ಕಡೆ ಮುದ್ರಿತವಾಗುತ್ತದೆ. ಇದನ್ನು ತಪ್ಪಿಸಲು ಮೆಷರ್‌ನ ಆರಂಭದಲ್ಲಿಯೇ ಇಸ್‌ಇನ್‌ಸ್ಕೋಪ್ ಫಂಕ್ಷನ್ ಬಳಸಿ, ಸಾಲಿನ ಹೆಸರಿನ ಮಟ್ಟದಲ್ಲಿದ್ದಾಗ ಮಾತ್ರ ಸ್ವಿಚ್ ಓಡಲಿ ಎಂದು ಬರೆಯಿರಿ. ಕೆಳಗಿನ ಒಟ್ಟು ಮೊತ್ತದ ಸಾಲನ್ನು ಫಾರ್ಮ್ಯಾಟ್ ಫಲಕದಲ್ಲಿ ತೆಗೆದುಬಿಡಿ.

ಇನ್ನು ಸ್ವರೂಪದ ವಿಷಯ. ಎಲ್ಲ ಸಾಲುಗಳೂ ಒಂದೇ ಮೆಷರ್‌ನಿಂದ ಬರುವುದರಿಂದ ಎಲ್ಲಕ್ಕೂ ಒಂದೇ ಸ್ವರೂಪ ಬಂದು, ಜಿಡ್ಡಿನಂಶ 4 ಎಂದೋ, ಇಲ್ಲವೇ ಲೀಟರಿನ ಲೆಕ್ಕ 28,00,000.00 ಎಂದೋ ಕಾಣುತ್ತದೆ. ಇದಕ್ಕೆ ಹಳೆಯ ಬರಹಗಳೆಲ್ಲ ಫಾರ್ಮ್ಯಾಟ್ ಫಂಕ್ಷನ್ ಬಳಸಲು ಹೇಳುತ್ತವೆ. ದಯವಿಟ್ಟು ಅದನ್ನು ಬಳಸಬೇಡಿ. ಅದು ಅಂಕಿಯನ್ನು ಅಕ್ಷರವಾಗಿ ಮಾರ್ಪಡಿಸುತ್ತದೆ. ಆಮೇಲೆ ಅದರಿಂದ ಚಾರ್ಟ್ ಬರುವುದಿಲ್ಲ, ಏರಿಕೆಯ ಕ್ರಮದಲ್ಲಿ ಜೋಡಿಸಿದರೆ 9ಕ್ಕಿಂತ 10 ಮೊದಲು ಬರುತ್ತದೆ. 2023ರಲ್ಲಿ ಮೆಷರ್‌ಗಳಿಗೆ ಡೈನಮಿಕ್ ಫಾರ್ಮ್ಯಾಟ್ ಸ್ಟ್ರಿಂಗ್ ಎಂಬ ಸೌಲಭ್ಯ ಬಂದಿದೆ. ಮೆಷರ್ ಅನ್ನು ಆರಿಸಿ, ಫಾರ್ಮ್ಯಾಟ್ ಪಟ್ಟಿಯಲ್ಲಿ ಡೈನಮಿಕ್ ಎಂದು ಕೊಟ್ಟರೆ ಸ್ವರೂಪಕ್ಕೆಂದೇ ಪ್ರತ್ಯೇಕ ಡ್ಯಾಕ್ಸ್ ಬರೆಯುವ ಜಾಗ ಸಿಗುತ್ತದೆ. ಅಲ್ಲಿ ಸಾರಾಂಶ ಟೇಬಲ್‌ನ ಸ್ವರೂಪ ಕಾಲಂ ಅನ್ನು ಸೆಲೆಕ್ಟೆಡ್‌ವ್ಯಾಲ್ಯೂ ಮೂಲಕ ಓದಿದರೆ ಸಾಕು. ಅಂಕಿ ಅಂಕಿಯಾಗಿಯೇ ಉಳಿಯುತ್ತದೆ, ತೋರಿಕೆ ಮಾತ್ರ ಸಾಲಿಗೆ ತಕ್ಕಂತೆ ಬದಲಾಗುತ್ತದೆ.

ಉತ್ತರ 3

ರಚನೆಯ ಬಗ್ಗೆ ಇಬ್ಬರೂ ಚೆನ್ನಾಗಿ ವಿವರಿಸಿದ್ದಾರೆ. ನಾನು ಡೇರಿ ಲೆಕ್ಕಪತ್ರಗಳ ನಡುವೆಯೇ ಕೆಲಸ ಮಾಡುವವನಾದ್ದರಿಂದ ಸಾಲುಗಳ ಒಳಗಿರುವ ಲೆಕ್ಕದ ಬಗ್ಗೆ ಸ್ವಲ್ಪ ಹೇಳಬೇಕೆನಿಸುತ್ತದೆ. ಕಾರ್ಡ್‌ನಲ್ಲಿ ಸರಿಯಾಗಿ ಕಂಡ ಮೆಷರ್ ಕೋಷ್ಟಕದಲ್ಲಿಯೂ ಸರಿಯಾಗಿರುತ್ತದೆ ಎಂಬ ಖಾತರಿಯಿಲ್ಲ. ಕೋಷ್ಟಕದಲ್ಲಿ ಅದೇ ಮೆಷರ್ ಒಂದು ತಿಂಗಳಿಗೂ, ಇಡೀ ವರ್ಷಕ್ಕೂ, ಒಂದು ಮಾರ್ಗಕ್ಕೂ, ಇಡೀ ಒಕ್ಕೂಟಕ್ಕೂ ಉತ್ತರ ಕೊಡಬೇಕಾಗುತ್ತದೆ.

ಮೊದಲು ಜಿಡ್ಡಿನಂಶ. ಜಿಡ್ಡಿನ ಕಾಲಂಗೆ ನೇರವಾಗಿ ಆವರೇಜ್ ಫಂಕ್ಷನ್ ಹಾಕಿದ್ದರೆ ಅದನ್ನು ಇಂದೇ ಬದಲಿಸಿ. ಒಂದು ಸಂಘದಿಂದ 1,000 ಕಿಲೋ ಹಾಲು ಶೇಕಡಾ 4 ಜಿಡ್ಡಿನೊಂದಿಗೂ, ಇನ್ನೊಂದರಿಂದ 200 ಕಿಲೋ ಹಾಲು ಶೇಕಡಾ 5 ಜಿಡ್ಡಿನೊಂದಿಗೂ ಬಂದಿದೆ ಎಂದುಕೊಳ್ಳೋಣ. ಸಾದಾ ಸರಾಸರಿ 4.5 ಎನ್ನುತ್ತದೆ. ಆದರೆ ಟ್ಯಾಂಕಿನಲ್ಲಿರುವುದು 1,200 ಕಿಲೋ ಹಾಲು, ಅದರಲ್ಲಿರುವ ಜಿಡ್ಡು 40 ಮತ್ತು 10 ಸೇರಿ 50 ಕಿಲೋ, ಅಂದರೆ ಶೇಕಡಾ 4.17. ಡೇರಿಯವರು ಕಿಲೋ ಜಿಡ್ಡು ಎಂದು ಲೆಕ್ಕ ಇಡುವುದೇ ಇದಕ್ಕಾಗಿ. ಸಮ್‌ಎಕ್ಸ್ ಫಂಕ್ಷನ್‌ನಿಂದ ಪ್ರತಿ ಸಾಲಿನ ಹಾಲಿನ ತೂಕವನ್ನು ಜಿಡ್ಡಿನಂಶದಿಂದ ಗುಣಿಸಿ ಕೂಡಿಸಿ, ಬಂದ ಮೊತ್ತವನ್ನು ಒಟ್ಟು ತೂಕದಿಂದ ಡಿವೈಡ್ ಫಂಕ್ಷನ್ ಮೂಲಕ ಭಾಗಿಸಿ. ನಿಮ್ಮ ಟೇಬಲ್‌ನಲ್ಲಿ ಪ್ರಮಾಣ ಲೀಟರಿನಲ್ಲಿದ್ದರೆ, ಒಂದು ಲೀಟರು ಹಾಲು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ ಎಂಬುದು ನೆನಪಿರಲಿ, ಒಕ್ಕೂಟದಲ್ಲಿ ಬಳಕೆಯಲ್ಲಿರುವ ಪರಿವರ್ತನೆಯ ಅಂಕಿಯನ್ನೇ ತೆಗೆದುಕೊಳ್ಳಿ. ಎಸ್‌ಎನ್‌ಎಫ್‌ಗೂ, ಲೀಟರಿಗೆ ಸರಾಸರಿ ದರಕ್ಕೂ ಇದೇ ಮಾತು. ಮೇಲಿನ ಮೊತ್ತ ಬೇರೆಯಾಗಿ, ಕೆಳಗಿನ ಮೊತ್ತ ಬೇರೆಯಾಗಿ ಕೂಡಿ, ಕೊನೆಗೊಮ್ಮೆ ಭಾಗಿಸಬೇಕು.

ಹಾಲು ಹಾಕಿದ ಸದಸ್ಯರ ಸಂಖ್ಯೆ ತಿಂಗಳಿಂದ ತಿಂಗಳಿಗೆ ಕೂಡಿಸುವಂಥದ್ದಲ್ಲ. ಏಪ್ರಿಲ್‌ನಲ್ಲಿ ಹಾಲು ಹಾಕಿದವರೇ ಮೇ ತಿಂಗಳಲ್ಲೂ ಹಾಕಿರುತ್ತಾರೆ. ಡಿಸ್ಟಿಂಕ್ಟ್‌ಕೌಂಟ್ ಬಳಸಿದ್ದರೆ ಏಪ್ರಿಲ್‌ನಿಂದ ಇಲ್ಲಿಯವರೆಗಿನ ಕಾಲಂನಲ್ಲಿ ಬರುವ ಅಂಕಿ ತಿಂಗಳುಗಳ ಮೊತ್ತಕ್ಕಿಂತ ಬಹಳ ಕಡಿಮೆಯಿರುತ್ತದೆ, ಅದೇ ಸರಿ. ಆದರೆ ಸದಸ್ಯರ ಸಂಖ್ಯೆ ಪ್ರತಿ ಸಂಘದಲ್ಲೂ 1ರಿಂದ ಆರಂಭವಾಗುವಂತಿದ್ದರೆ, ಸಂಘದ ಸಂಖ್ಯೆ ಮತ್ತು ಸದಸ್ಯರ ಸಂಖ್ಯೆ ಎರಡನ್ನೂ ಜೋಡಿಸಿದ ಕಾಲಂ ಮೇಲೆ ಎಣಿಸಬೇಕು. ಇಲ್ಲವಾದರೆ ಬೇರೆ ಬೇರೆ ಹಳ್ಳಿಗಳ 12ನೇ ಸಂಖ್ಯೆಯ ಸದಸ್ಯರೆಲ್ಲ ಒಬ್ಬರೇ ಆಗಿಬಿಡುತ್ತಾರೆ.

ಮೂರನೆಯದು ದಿನವಹಿ ಸರಾಸರಿ. ಈ ಸಾಲನ್ನು ಒಟ್ಟು ಶೇಖರಣೆಗಿಂತ ಮೇಲೆ ಇಡಿ ಎಂದು ನಾನು ಸಲಹೆ ಕೊಡುತ್ತೇನೆ. ಜನವರಿಯಲ್ಲಿ 30,38,000 ಲೀಟರು, ಫೆಬ್ರವರಿಯಲ್ಲಿ 28,00,000 ಲೀಟರು ಬಂದಿದೆ ಎಂದಿಟ್ಟುಕೊಂಡರೆ, ಒಟ್ಟು ಮೊತ್ತ ಸುಮಾರು ಶೇಕಡಾ 8 ಕುಸಿದಂತೆ ಕಾಣುತ್ತದೆ. 31 ಮತ್ತು 28 ದಿನಗಳಿಂದ ಭಾಗಿಸಿದರೆ ದಿನಕ್ಕೆ 98,000 ಲೀಟರು ಇದ್ದದ್ದು 1,00,000 ಲೀಟರಿಗೆ ಏರಿದೆ. ಹಿಂದಿನ ತಿಂಗಳ ಜೊತೆ ಹೋಲಿಸುವ ಕಾಲಂ ಇಟ್ಟುಕೊಂಡು ಒಟ್ಟು ಮೊತ್ತವನ್ನಷ್ಟೇ ತೋರಿಸಿದರೆ ಪ್ರತಿ ಮಾರ್ಚ್ ಆರಂಭದ ಸಭೆಯಲ್ಲೂ ಕ್ಷೇತ್ರ ಸಿಬ್ಬಂದಿ ವಿನಾಕಾರಣ ಉತ್ತರ ಕೊಡಬೇಕಾಗುತ್ತದೆ. ದಿನಗಳನ್ನು ಎಣಿಸುವಾಗ ಶೇಖರಣೆಯ ಟೇಬಲ್‌ನಲ್ಲಿರುವ ದಿನಾಂಕಗಳನ್ನು ಎಣಿಸಬೇಡಿ. ಒಂದು ಸಂಘ ನಾಲ್ಕು ದಿನ ಹಾಲು ಕಳಿಸದಿದ್ದರೆ ಭಾಜಕವೂ ನಾಲ್ಕು ಕಡಿಮೆಯಾಗಿ, ಆ ಸಂಘದ ಸರಾಸರಿ ಸುಳ್ಳಾಗಿ ಚೆನ್ನಾಗಿ ಕಾಣುತ್ತದೆ. ದಿನಾಂಕದ ಟೇಬಲ್‌ನಿಂದಲೇ, ದತ್ತಾಂಶ ಬಂದಿರುವ ಕೊನೆಯ ದಿನದವರೆಗೆ ಮಾತ್ರ ಎಣಿಸಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಾರಾಂಶ ಟೇಬಲ್ ಮತ್ತು ಸ್ವಿಚ್ ಮೆಷರ್ ಈಗ ಸರಿಯಾಗಿ ಕೆಲಸ ಮಾಡುತ್ತಿವೆ. ತಾಲ್ಲೂಕನ್ನು ಬದಲಿಸಿದರೆ ಎಲ್ಲ ಸಾಲುಗಳೂ ಬದಲಾಗುತ್ತವೆ, ಶೀರ್ಷಿಕೆಗಳೂ ಬಂದಿವೆ. ಸದಸ್ಯರ ಸಂಖ್ಯೆ ನಮ್ಮಲ್ಲಿಯೂ ಸಂಘವಾರು 1ರಿಂದಲೇ ಆರಂಭವಾಗುತ್ತದೆ, ಆದ್ದರಿಂದ ಆ ಸೂಚನೆ ಬಹಳ ಉಪಕಾರವಾಯಿತು.

ಉಳಿದಿರುವುದು ಕಾಲಂಗಳು. ಈ ತಿಂಗಳು, ಹಿಂದಿನ ತಿಂಗಳು, ಕಳೆದ ವರ್ಷದ ಇದೇ ತಿಂಗಳು, ಬದಲಾವಣೆ, ಏಪ್ರಿಲ್‌ನಿಂದ ಇಲ್ಲಿಯವರೆಗೆ ಎಂಬ ಐದಕ್ಕೂ ಪ್ರತಿ ಸಾಲಿನ ಮೆಷರ್ ಅನ್ನು ಮತ್ತೆ ಮತ್ತೆ ಬರೆಯಬೇಕೇ? ಹಾಗೆ ಮಾಡಿದರೆ ಮೆಷರ್‌ಗಳ ಪಟ್ಟಿ ಕೈಮೀರಿ ಬೆಳೆಯುತ್ತದೆ. ಜೊತೆಗೆ ಅಂಕಿಗಳು ಲಕ್ಷ, ಕೋಟಿಯ ಕ್ರಮದಲ್ಲಿ ಅಲ್ಪವಿರಾಮಗಳೊಂದಿಗೆ ಬರಬೇಕೆಂದು ಕೇಳಿದ್ದಾರೆ. ಡಿಸ್‌ಪ್ಲೇ ಯೂನಿಟ್ಸ್ ಪಟ್ಟಿಯಲ್ಲಿ ಸಾವಿರ, ಮಿಲಿಯನ್, ಬಿಲಿಯನ್‌ಗಳು ಇವೆಯೇ ಹೊರತು ಲಕ್ಷವಿಲ್ಲ.

ಉತ್ತರ 2 ಬರೆದವರಿಂದ

ಮತ್ತೆ ಬರೆಯಬೇಕಾಗಿಲ್ಲ. ಒಂದೇ ಬಗೆಯ ಲೆಕ್ಕವನ್ನು ಯಾವ ಮೆಷರ್‌ಗಾದರೂ ಅನ್ವಯಿಸುವ ಕ್ಯಾಲ್ಕ್ಯುಲೇಷನ್ ಗ್ರೂಪ್ ಇರುವುದೇ ಇದಕ್ಕಾಗಿ. ಮೊದಲು ಇದನ್ನು ಟ್ಯಾಬ್ಯುಲರ್ ಎಡಿಟರ್ ಎಂಬ ಹೊರಗಿನ ಸಾಧನದಿಂದ ಮಾಡಬೇಕಾಗಿತ್ತು, 2023ರಿಂದ ಪವರ್ ಬಿಐ ಡೆಸ್ಕ್‌ಟಾಪ್‌ನ ಮಾಡೆಲ್ ನೋಟದಲ್ಲಿಯೇ ಮಾಡಬಹುದು. ಈ ಕ್ಯಾಲ್ಕ್ಯುಲೇಷನ್ ಗ್ರೂಪ್‌ನೊಳಗೆ ನಿಮ್ಮ ಐದು ಕಾಲಂಗಳಿಗೆ ಐದು ಐಟಂಗಳನ್ನು ಬರೆಯಿರಿ. ಪ್ರತಿಯೊಂದರಲ್ಲೂ ಮೆಷರ್‌ನ ಹೆಸರಿನ ಬದಲು ಸೆಲೆಕ್ಟೆಡ್‌ಮೆಷರ್ ಎಂಬ ಫಂಕ್ಷನ್ ಇರುತ್ತದೆ, ವಿಷುವಲ್‌ನಲ್ಲಿ ಯಾವ ಮೆಷರ್ ಇದೆಯೋ ಅದು ಆ ಜಾಗಕ್ಕೆ ಬಂದು ಕೂರುತ್ತದೆ. ಈ ತಿಂಗಳು ಎಂಬುದು ಬರೀ ಸೆಲೆಕ್ಟೆಡ್‌ಮೆಷರ್. ಹಿಂದಿನ ತಿಂಗಳಿಗೆ ಅದನ್ನೇ ಕ್ಯಾಲ್ಕ್ಯುಲೇಟ್‌ನೊಳಗಿಟ್ಟು ಡೇಟ್‌ಆ್ಯಡ್‌ನಿಂದ ಒಂದು ತಿಂಗಳು ಹಿಂದಕ್ಕೆ ಸರಿಸಿ. ಕಳೆದ ವರ್ಷದ್ದಕ್ಕೆ ಸೇಮ್‌ಪೀರಿಯಡ್‌ಲಾಸ್ಟ್‌ಇಯರ್ ಬಳಸಿ. ಏಪ್ರಿಲ್‌ನಿಂದ ಇಲ್ಲಿಯವರೆಗೆ ಎಂಬುದಕ್ಕೆ ಡೇಟ್ಸ್‌ವೈಟಿಡಿ ಬಳಸಿ, ವರ್ಷದ ಕೊನೆಯ ದಿನ ಮಾರ್ಚ್ 31 ಎಂದು ಅದರ ಎರಡನೆಯ ಆರ್ಗ್ಯುಮೆಂಟ್‌ನಲ್ಲಿ ತಿಳಿಸಿ. ತಿಳಿಸದಿದ್ದರೆ ಅದು ಜನವರಿಯಿಂದ ಲೆಕ್ಕ ಹಾಕುತ್ತದೆ. ಇವೆಲ್ಲ ಸರಿಯಾಗಿ ನಡೆಯಬೇಕಾದರೆ ದಿನಾಂಕದ ಟೇಬಲ್‌ನಲ್ಲಿ ಒಂದು ದಿನವೂ ಬಿಟ್ಟುಹೋಗಿರಬಾರದು ಮತ್ತು ಅದನ್ನು ಡೇಟ್ ಟೇಬಲ್ ಎಂದು ಗುರುತು ಮಾಡಿರಬೇಕು. ಐಟಂಗಳ ಹೆಸರಿರುವ ಕಾಲಂ ಅನ್ನು ಮ್ಯಾಟ್ರಿಕ್ಸ್‌ನ ಕಾಲಂ ಜಾಗದಲ್ಲಿಡಿ, ಅವುಗಳ ಕ್ರಮವನ್ನು ಈ ಗ್ರೂಪ್‌ನ ಆರ್ಡಿನಲ್ ಕಾಲಂ ನೋಡಿಕೊಳ್ಳುತ್ತದೆ.

ಬದಲಾವಣೆಯ ಐಟಂ ಒಂದನ್ನು ಮಾತ್ರ ಯೋಚಿಸಿ ಬರೆಯಬೇಕು. ಶೇಖರಣೆ ಶೇಕಡಾ ಎಷ್ಟು ಏರಿತು ಎನ್ನುವುದು ಸರಿಯಾದ ಪ್ರಶ್ನೆ. ಆದರೆ ಜಿಡ್ಡಿನಂಶ 4.1ರಿಂದ 4.2ಕ್ಕೆ ಹೋದಾಗ ಅದೇ ಸೂತ್ರ ಶೇಕಡಾ 2.4 ಏರಿಕೆ ಎಂದು ತೋರಿಸುತ್ತದೆ. ಸಭೆಯಲ್ಲಿ ಅದನ್ನು ಓದುವವರು ಜಿಡ್ಡೇ ಶೇಕಡಾ 2.4 ಹೆಚ್ಚಿತೆಂದು ತಿಳಿಯುವ ಅಪಾಯವಿದೆ. ಅನುಪಾತದ ಸಾಲುಗಳಲ್ಲಿ ಎರಡರ ವ್ಯತ್ಯಾಸವಾದ 0.1 ಎಂಬುದನ್ನು ತೋರಿಸುವುದೇ ಸರಿ. ಆಗ ಹೇಳಿದ್ದ ‘ಬಗೆ’ ಕಾಲಂ ಇಲ್ಲಿ ಕೆಲಸಕ್ಕೆ ಬರುತ್ತದೆ. ಐಟಂನೊಳಗೆ ಸೆಲೆಕ್ಟೆಡ್‌ವ್ಯಾಲ್ಯೂ ಮೂಲಕ ಬಗೆಯನ್ನು ಓದಿ, ಅನುಪಾತವಾದರೆ ಕಳೆದು ತೋರಿಸಿ, ಪ್ರಮಾಣವಾದರೆ ಶೇಕಡಾ ಲೆಕ್ಕ ಹಾಕಿ ತೋರಿಸಿ, ಐಟಂನ ಸ್ವರೂಪವನ್ನೂ ಅದೇ ಪ್ರಕಾರ ಬರೆಯಿರಿ. ಇಸ್‌ಸೆಲೆಕ್ಟೆಡ್‌ಮೆಷರ್ ಫಂಕ್ಷನ್‌ನಿಂದ ಇದನ್ನು ಮಾಡಬಹುದೆಂದು ಹಲವೆಡೆ ಓದುತ್ತೀರಿ. ಅದು ಉತ್ತರ 1ರ ವಿಧಾನಕ್ಕೆ ಹೊಂದುತ್ತದೆ, ಇಲ್ಲಿ ಹೊಂದುವುದಿಲ್ಲ. ನಿಮ್ಮ ವಿಷುವಲ್‌ನಲ್ಲಿರುವ ಮೆಷರ್ ಎಲ್ಲ ಸಾಲುಗಳಿಗೂ ಸಾರಾಂಶ ಮೌಲ್ಯ ಒಂದೇ ಆಗಿರುವುದರಿಂದ ಒಳಗೆ ಯಾವ ಮೆಷರ್ ಓಡುತ್ತಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಇನ್ನೆರಡು ಎಚ್ಚರಿಕೆಗಳು. ಕ್ಯಾಲ್ಕ್ಯುಲೇಷನ್ ಗ್ರೂಪ್ ಸೇರಿಸಿದ ಮೇಲೆ, ಲೀಟರಿನ ಕಾಲಂ ಅನ್ನು ವಿಷುವಲ್‌ಗೆ ಎಳೆದು ತಾನಾಗಿ ಮೊತ್ತ ಬರಿಸುವ ಸೌಲಭ್ಯ ಆ ಮಾಡೆಲ್‌ನಲ್ಲಿ ನಿಂತುಹೋಗುತ್ತದೆ, ಎಲ್ಲಕ್ಕೂ ಮೆಷರ್ ಬರೆಯಬೇಕು. ಇದನ್ನು ಮುಂದೆ ವರದಿ ನೋಡಿಕೊಳ್ಳುವವರಿಗೆ ಮೊದಲೇ ತಿಳಿಸಿ. ಎರಡನೆಯದಾಗಿ, ತಿಂಗಳ ನಡುವೆ ವರದಿ ತೆರೆದರೆ ಈ ತಿಂಗಳ ಹನ್ನೆರಡು ದಿನಗಳ ಹಾಲು ಕಳೆದ ವರ್ಷದ ಪೂರ್ತಿ ತಿಂಗಳಿನ ಹಾಲಿನ ಎದುರು ನಿಂತು ಭಾರಿ ಕುಸಿತದಂತೆ ಕಾಣುತ್ತದೆ. ದಿನಾಂಕದ ಟೇಬಲ್‌ನಲ್ಲಿ, ಆ ದಿನ ದತ್ತಾಂಶ ಬಂದಿರುವ ಕೊನೆಯ ದಿನಕ್ಕಿಂತ ಮುಂದಿನದಲ್ಲ ಎಂಬುದನ್ನು ಹೌದು ಅಥವಾ ಅಲ್ಲ ಎಂದು ಹೇಳುವ ಕಾಲಂ ಒಂದನ್ನು ಇಡಿ. ಸೇಮ್‌ಪೀರಿಯಡ್‌ಲಾಸ್ಟ್‌ಇಯರ್ ಅನ್ನು ಕ್ಯಾಲ್ಕ್ಯುಲೇಟ್‌ಟೇಬಲ್‌ನೊಳಗೆ ಬರೆದು, ಆ ಕಾಲಂ ಹೌದು ಎಂದಿರುವ ದಿನಗಳನ್ನಷ್ಟೇ ಹಿಂದಕ್ಕೆ ಸರಿಸಿದರೆ ಹನ್ನೆರಡು ದಿನಗಳ ಎದುರು ಹನ್ನೆರಡು ದಿನಗಳೇ ಬರುತ್ತವೆ. ಉತ್ತರ 3ರಲ್ಲಿ ಹೇಳಿದ ದಿನಗಳ ಎಣಿಕೆಗೂ ಇದೇ ಕಾಲಂ ಸಾಕು.

ಉತ್ತರ 4

ಒಂದು ಚಿಕ್ಕ ಸೇರ್ಪಡೆ. ಮೆಷರ್‌ಗಳು ಈಗ ಶೇಖರಣೆಯ ಟೇಬಲ್‌ನಲ್ಲಿ ಕಾಲಂಗಳ ನಡುವೆ ಚದುರಿಕೊಂಡಿದ್ದರೆ, ಅವುಗಳಿಗೆಂದೇ ಒಂದು ಖಾಲಿ ಟೇಬಲ್ ಮಾಡಿ ಅಲ್ಲಿಗೆ ಸರಿಸಿ. ಆ ಟೇಬಲ್‌ನ ಕಾಲಂ ಅನ್ನು ಮರೆಮಾಡಿದರೆ ಪಟ್ಟಿಯಲ್ಲಿ ಅದು ಮೆಷರ್‌ಗಳ ಟೇಬಲ್ ಎಂಬ ಗುರುತಿನೊಂದಿಗೆ ಮೇಲ್ಗಡೆ ನಿಲ್ಲುತ್ತದೆ. ಡಿಸ್‌ಪ್ಲೇ ಫೋಲ್ಡರ್‌ಗಳಿಗೆ ಕೋಷ್ಟಕದಲ್ಲಿರುವ ಶೇಖರಣೆ, ಗುಣಮಟ್ಟ, ಸಂದಾಯ ಎಂಬ ಹೆಸರುಗಳನ್ನೇ ಇಟ್ಟರೆ, ಕೋಷ್ಟಕದಲ್ಲಿ ಒಂದು ಸಾಲು ನೋಡಿದವರಿಗೆ ಅದರ ಮೆಷರ್ ಎಲ್ಲಿದೆ ಎಂಬುದು ಹುಡುಕದೆಯೇ ಗೊತ್ತಾಗುತ್ತದೆ. ಇದಕ್ಕೂ ಸಾರಾಂಶ ಟೇಬಲ್‌ಗೂ ಗೊಂದಲ ಬೇಡ. ಮೊದಲನೆಯದು ಮೆಷರ್‌ಗಳನ್ನು ಇಡುವ ಜಾಗ ಮಾತ್ರ, ವರದಿಯಲ್ಲಿ ಕಾಣುವುದು ಎರಡನೆಯದು.

ಲಕ್ಷ, ಕೋಟಿಯ ಅಲ್ಪವಿರಾಮಗಳಿಗೂ ಡೈನಮಿಕ್ ಫಾರ್ಮ್ಯಾಟ್ ಸ್ಟ್ರಿಂಗ್ ಸಾಕು. ಅಲ್ಪವಿರಾಮದ ಹಿಂದೆ ಓರೆಗೆರೆ ಇಟ್ಟರೆ ಅದು ನೀವು ಹೇಳಿದ ಜಾಗದಲ್ಲಿಯೇ ಮುದ್ರಿತವಾಗುತ್ತದೆ. ಅಂಕಿ 1 ಕೋಟಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ##\,##\,##\,##0, 1 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ##\,##\,##0, ಅದಕ್ಕಿಂತ ಕಡಿಮೆಯಾದರೆ ಎಂದಿನ #,##0 ಎಂದು ಸ್ವಿಚ್‌ನಲ್ಲಿ ಬರೆಯಿರಿ. ಮೂರನ್ನೂ ಬೇರೆ ಮಾಡಲೇಬೇಕು, ಏಕೆಂದರೆ ಕೋಟಿಯ ಸ್ವರೂಪವನ್ನು ಸಣ್ಣ ಅಂಕಿಗೆ ಕೊಟ್ಟರೆ ಮುಂದೆ ಬರೀ ಅಲ್ಪವಿರಾಮಗಳು ಉಳಿದುಕೊಳ್ಳುತ್ತವೆ. ಹೋಲಿಸುವ ಮುನ್ನ ಅಂಕಿಯನ್ನು ಎಬಿಎಸ್ ಫಂಕ್ಷನ್‌ಗೆ ಕೊಡಿ, ಇಲ್ಲವಾದರೆ ಋಣ ಅಂಕಿಗಳೆಲ್ಲ ಕೊನೆಯ ಸ್ವರೂಪಕ್ಕೆ ಬಿದ್ದು ಸಾವಿರದ ಗುಂಪುಗಳಲ್ಲಿ ಕಾಣುತ್ತವೆ. ಸಾರಾಂಶ ಟೇಬಲ್‌ನ ಸ್ವರೂಪ ಕಾಲಂನಲ್ಲಿ ಇಂತಹ ಸಾಲುಗಳಿಗೆ ‘ಲಕ್ಷ’ ಎಂದು ಬರೆದಿಟ್ಟು, ಆ ಪದ ಕಂಡಾಗ ಮಾತ್ರ ಈ ಮೂರು ಸ್ವರೂಪಗಳ ಪರೀಕ್ಷೆ ನಡೆಯಲಿ. ಜಿಡ್ಡಿನಂಶ, ದರದಂತಹ ಸಾಲುಗಳು ತಮ್ಮ ಕಾಲಂನಲ್ಲಿರುವ ಸ್ವರೂಪವನ್ನೇ ನೇರವಾಗಿ ತೆಗೆದುಕೊಳ್ಳುತ್ತವೆ.